ಯಮನಪ್ಪ ಹತ್ತದ ಮರ

ಜನ್ಮದಲ್ಲಿ ತೆಂಗಿನ ಮರ ಹತ್ತದ ಒಬ್ಬ ಮನುಷ್ಯನನ್ನು ತೆಂಗಿನ ಮರದಿಂದ ಬೀಳಿಸಿದವಳು ನಾನು. ಕೈಯಿಂದ ತಳ್ಳಲಿಲ್ಲ — ಬಾಯಿಂದ. ಅದೇ ಮಾತನ್ನು ಆಮೇಲೆ ಉಡುಪಿಯ ಕೋರ್ಟಿನಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳಿದೆ. ಅಷ್ಟಕ್ಕೇ ನಿಲ್ಲಲಿಲ್ಲ, ಕೆಲವು ವರ್ಷ ಕಳೆದು ಅವನು ನನ್ನೆದುರು ಕೈಮುಗಿದು ನಿಂತಾಗ, ದೊಡ್ಡ ಮನಸ್ಸು ಮಾಡಿದವಳ ಹಾಗೆ ಅವನನ್ನು ಕ್ಷಮಿಸಿಯೂ ಬಿಟ್ಟೆ. ಸುಳ್ಳು ಹೇಳಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರು. ತಾನು ಹಾಳು ಮಾಡಿದವನನ್ನು ತಾನೇ ಕ್ಷಮಿಸುವಷ್ಟು ಧೈರ್ಯ — ಅದು ನನಗೆ ಎಲ್ಲಿಂದ ಬಂತೋ, ಇವತ್ತಿಗೂ ಗೊತ್ತಾಗಿಲ್ಲ.

ಆ ಮನುಷ್ಯನ ಹೆಸರು ಯಮನಪ್ಪ. ಬಾಗಲಕೋಟೆ ಕಡೆಯವನು. ಗೋಡೆ ಕಟ್ಟುವುದು ಅವನ ಕೆಲಸ. ನಾವು ಮೇಸ್ತ್ರಿ ಎನ್ನುವವರನ್ನು ಅವರ ಕಡೆ ಗೌಂಡಿ ಎನ್ನುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಇನ್ನಂಜೆಯಲ್ಲಿ ನಾವು ಹೊಸ ಮನೆ ಕಟ್ಟಿಸುತ್ತಿದ್ದಾಗ ಅವನು ಹೆಂಡತಿ ನೀಲವ್ವನ ಜೊತೆ ನಮ್ಮ ಗದ್ದೆಯ ಬದಿಯಲ್ಲೇ ತಗಡಿನ ಶೆಡ್ ಹಾಕಿಕೊಂಡಿದ್ದ. ನಮ್ಮವರು ಬಹರೈನಿನಲ್ಲಿ, ಇಲ್ಲಿಯ ಯಜಮಾನಿಕೆ ನನ್ನದು. ನನ್ನ ಬಾಯಿ ಜೋರು, ಅದು ಊರಿಗೇ ಗೊತ್ತಿರುವ ವಿಷಯ. ಕಿಟಕಿ ಒಂದು ಬೆರಳು ಆಚೆ ಹೋದರೆ ಗದ್ದೆಯ ಆ ತುದಿಗೆ ಕೇಳುವ ಹಾಗೆ ಕೂಗಾಡುತ್ತಿದ್ದೆ. ಯಮನಪ್ಪ "ಹೂಂರಿ ಅಕ್ಕಾರ" ಎಂದು ನಕ್ಕು, ತನಗೆ ಸರಿ ಕಂಡಂತೆಯೇ ಕಟ್ಟುತ್ತಿದ್ದ. ಅವನು ಕಟ್ಟಿದ ಗೋಡೆ ಒಂದು ಗೀಟು ಬಿರುಕು ಬಿಟ್ಟಿಲ್ಲ. ಆ ಗೋಡೆಗೆ ಒರಗಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದು ಜೀಪು ಇತ್ತು, ಮಿಲಿಟರಿಯವರು ಹರಾಜು ಹಾಕಿದ್ದು. ಇದ್ದದ್ದು ನಮ್ಮವರ ಹೆಸರಿನಲ್ಲಿ, ಓಡಿಸುತ್ತಿದ್ದದ್ದು ನನ್ನ ತಮ್ಮ ಸುಧಾಕರ. ಅವನಿಗೆ ಲೈಸೆನ್ಸ್ ಇರಲಿಲ್ಲ. ದುಬೈಯ ವೀಸಾ ಇನ್ನೇನು ಬರುವುದರಲ್ಲಿತ್ತು, ಆ ಸಡಗರದಲ್ಲಿ ಅವನ ಕಾಲು ನೆಲದ ಮೇಲಿರಲಿಲ್ಲ. ಒಂದು ಬೆಳಿಗ್ಗೆ, ಮೇಲಿನ ಗೋಡೆಗೆ ಕಲ್ಲು ಆರಿಸುವುದಕ್ಕೆಂದು ಕಾರ್ಕಳದ ಆಚೆ ಇರುವ ಕೆಂಪುಕಲ್ಲಿನ ಕೋರೆಗೆ ಹೊರಟೆವು. ಮುಂದೆ ಸುಧಾಕರ ಮತ್ತು ನಾನು, ಹಿಂದಿನ ಸೀಟಿನಲ್ಲಿ ಯಮನಪ್ಪ. ಶೆಡ್ಡಿನ ಬಾಗಿಲಲ್ಲಿ ನಿಂತ ನೀಲವ್ವ ಅವನು ಜೀಪು ಹತ್ತಿದ್ದನ್ನು ನೋಡಿದ್ದಳು. ಆಮೇಲೆ ಅವಳೂ ಬೇರೆ ಕಡೆ ಕೂಲಿಗೆ ಹೋದಳು, ಅವಳು ನೋಡಿದ್ದು ಅಷ್ಟನ್ನೇ.

ಕೋರೆಗೆ ಹೋಗುವ ಲಾರಿಯ ದಾರಿ ಗುಡ್ಡೆಯನ್ನು ಸುತ್ತಿಕೊಂಡು ಹೋಗುತ್ತದೆ. ಬುಡದಲ್ಲಿ ಸುಧಾಕರ ಜೀಪು ನಿಲ್ಲಿಸಿದ.

"ಅಕ್ಕ, ಸುತ್ತಿ ಹೋಗುವುದು ಎಂತಕ್ಕೆ? ನೇರ ಗುಡ್ಡೆಗೇ ಹತ್ತಿಸುತ್ತೇನೆ. ಫೋರ್ ವೀಲ್ ಉಂಟಲ್ಲಾ!"

ಬೇಡ ಎನ್ನಬೇಕಾದವಳು ನಾನು. ಅವನಿಗಿಂತ ದೊಡ್ಡವಳು, ಜೀಪು ನಮ್ಮದು. ನಾನು ಹೇಳಿದ್ದು ಎಂತ ಗೊತ್ತುಂಟಾ? "ಹತ್ತಿಸು ನೋಡುವ, ನಿನ್ನ ಗಂಡಸುತನ."

ಆಗ ಅಲ್ಲಿ ಇನ್ನೂ ಒಂದು ಮಾತು ನಡೆಯಿತು. ಅದನ್ನು ಮುಂದೆ ಹೇಳುತ್ತೇನೆ. ಈಗಲೇ ಬರೆಯಲು ಕೈ ಬರುತ್ತಿಲ್ಲ.

ಜೀಪು ಗುರುಗುಟ್ಟಿಕೊಂಡು ಅರ್ಧ ಗುಡ್ಡೆ ಏರಿತು. ಮುಳಿಹುಲ್ಲಿನೊಳಗೆ ಅಡಗಿದ್ದ ಒಂದು ಕಲ್ಲಿನ ಮೇಲೆ ಮುಂದಿನ ಚಕ್ರ ಹತ್ತಿತು. ಜೀಪು ಬಲಕ್ಕೆ ವಾಲಿತು, ಒಂದು ಗಳಿಗೆ ಹಾಗೆಯೇ ನಿಂತಿತು — ಈಗ ಸರಿಯಾಗುತ್ತದೆ ಎಂದೇ ನಾನು ಎಣಿಸಿದ್ದೆ — ಆಮೇಲೆ ಮಗುಚಿತು. ನಾನು ಹುಲ್ಲಿನ ಮೇಲೆ ಬಿದ್ದೆ, ಮೊಣಕೈ ತರಚಿತು. ಸುಧಾಕರನಿಗೆ ಅದೂ ಆಗಲಿಲ್ಲ. ಯಮನಪ್ಪ ಜೀಪಿನ ಅಡಿಯಲ್ಲಿದ್ದ.

ಕೋರೆಯಲ್ಲಿದ್ದ ನಾಲ್ಕಾರು ಮಂದಿ ಕೆಲಸದವರು ಓಡಿ ಬಂದು ಜೀಪನ್ನು ಎತ್ತಿ ನಿಲ್ಲಿಸಿದರು. ಆ ಮಳೆಗಾಲಕ್ಕೆ ಕೋರೆ ನಿಂತಿತು, ಅವರು ಎಲ್ಲಿಯವರೋ ಎಲ್ಲಿಗೆ ಹೋದರೋ. ಹಾಳು ಜೀಪು, ಹುಡ್ ಮುರಿದದ್ದು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಯಮನಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಹಿಂದೆ ಕೂತೆ. ಅವನಿಗೆ ಎಚ್ಚರ ಇರಲಿಲ್ಲ. ಪರ್ಕಳ ದಾಟುವಾಗ ಸುಧಾಕರ ಸಣ್ಣ ಮಕ್ಕಳ ಹಾಗೆ ಅಳತೊಡಗಿದ. "ಅಕ್ಕ, ಪೊಲೀಸ್ ಕೇಸಾದರೆ ಪಾಸ್‌ಪೋರ್ಟ್ ಹೋಯಿತು. ವೀಸಾ ಹೋಯಿತು. ನಾನು ಸತ್ತ ಹಾಗೆಯೇ." ನಾನು ಬಾಯಿ ಮುಚ್ಚು ಎಂದು ಗದರಿದೆ. ಆದರೆ ಮಣಿಪಾಲದ ಆಸ್ಪತ್ರೆ ತಲುಪುವಾಗ ನನ್ನ ಮನಸ್ಸಿನಲ್ಲಿ ಎಲ್ಲ ತೀರ್ಮಾನ ಆಗಿ ಹೋಗಿತ್ತು.

ಕೌಂಟರಿನಲ್ಲಿ ಕೂತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು, "ಎಂತಾದದ್ದು?"

"ಮರದಿಂದ ಬಿದ್ದದ್ದು," ಎಂದೆ. "ತೆಂಗಿನ ಮರ."

ಅವಳು ಬರೆದುಕೊಂಡಳು. ನಮ್ಮ ಕಡೆ ತೆಂಗಿನ ಮರದಿಂದ ಬಿದ್ದದ್ದು ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಎಳನೀರಿನ ಬೊಂಡ ಕೀಳಲು ಹೋಗಿ ಬಿದ್ದವರು, ಮಡಲಿನ ಗರಿ ಕಡಿಯಲು ಹೋಗಿ ಬಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ. ಪೊಲೀಸ್ ಇಲ್ಲ, ರಗಳೆ ಇಲ್ಲ, ಬೇಗ ಒಳಗೆ ಕರೆದುಕೊಂಡು ಹೋಗುತ್ತಾರೆ ಎಂದು ಎಷ್ಟೋ ಮಂದಿ ಹೀಗೆ ಹೇಳಿದ್ದನ್ನು ಕೇಳಿದ್ದೆ. ಒಂದು ಸಣ್ಣ ಉಪಾಯ ಅಷ್ಟೇ ಎಂದುಕೊಂಡೆ. ಬಯಲುಸೀಮೆಯ ಗೌಂಡಿ ತೆಂಗಿನ ಮರ ಹತ್ತುವುದು ಹೇಗೆ ಎಂಬ ಯೋಚನೆ ನನಗೇ ಬರಲಿಲ್ಲ. ಇಲ್ಲಿ ಹುಟ್ಟಿದವಳಲ್ವಾ!

ಯಮನಪ್ಪ ಬದುಕಿದ. ಸೊಂಟದ ಮೂಳೆ ಮುರಿದಿತ್ತು. ಬಲಗೈಯ ಬೆರಳುಗಳನ್ನು ಮಡಚಲು ಬರುತ್ತಿರಲಿಲ್ಲ. ಕರಣೆ ಹಿಡಿದು ಗಾರೆ ಮೆತ್ತುವ ಕೈ ಅದು. ತಲೆಗೆ ಬಿದ್ದ ಪೆಟ್ಟಿನಿಂದ ಆ ದಿನ ಅವನ ನೆನಪಿನಿಂದ ಹೆಚ್ಚುಕಡಿಮೆ ಪೂರಾ ಹೋಗಿತ್ತು. ಜೀಪು ಹತ್ತಿದ್ದು ನೆನಪಿತ್ತು, ಅಲ್ಲಿಂದ ಮುಂದೆ ಖಾಲಿ. ಆ ಖಾಲಿ ಜಾಗಕ್ಕೆ ನಾನು ಒಂದು ಕಥೆ ತುಂಬಿದೆ: ನಾವು ಕೋರೆಯಿಂದ ವಾಪಸು ಬಂದೆವು, ನಾನು ಒಳಗೆ ಹೋದೆ, ನೀನು ಬಾಯಾರಿಕೆಯೆಂದು ಯಾರಿಗೂ ಹೇಳದೆ ಮರ ಹತ್ತಿದಿ. ಅವನು ಹಾಸಿಗೆಯಲ್ಲಿ ಮಲಗಿ ನನ್ನ ಮುಖವನ್ನೇ ನೋಡಿದ. "ನಾನ್ರೀ?" ಎಂದ. "ಮತ್ತೆ ನಾನಾ?" ಎಂದೆ. ಆಸ್ಪತ್ರೆಯ ಖರ್ಚು ನಾನೇ ಕೊಟ್ಟೆ. ಅದನ್ನು ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳಿಕೊಂಡದ್ದೂ ಉಂಟು.

ಸುಧಾಕರ ವಿಮಾನ ಹತ್ತಿದ. ಆದರೆ ನೀಲವ್ವ ಆ ಕಥೆಯನ್ನು ನಂಬಲಿಲ್ಲ. "ನಮ್ಮಾಂವ ಊರಾಗ ಬೇವಿನ ಗಿಡಾನೂ ಹತ್ತಿಲ್ರಿ" ಎಂದು ಸಿಕ್ಕಿದವರಿಗೆಲ್ಲ ಹೇಳತೊಡಗಿದಳು. ನಮ್ಮ ಜೀಪಿನ ಮುರಿದ ಹುಡ್ ಅವಳ ಕಣ್ಣಿಗೆ ಬಿದ್ದಿತ್ತು. ಅವಳ ಕಡೆಯವರು ಯಾರೋ ಉಡುಪಿಯ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ಜೀಪು ಮಗುಚಿಯೇ ಪೆಟ್ಟಾದದ್ದು, ಪರಿಹಾರ ಕೊಡಿಸಬೇಕು ಎಂದು ಕ್ಲೇಮು ಹಾಕಿದರು — ನಮ್ಮ ಮೇಲೆ, ಜೊತೆಗೆ ಜೀಪಿನ ವಿಮೆ ಕಂಪೆನಿಯ ಮೇಲೆ. ಪೊಲೀಸರು ಒಮ್ಮೆ ಬಂದು ನನ್ನನ್ನೇ ಕೇಳಿ, ಚಹಾ ಕುಡಿದು ಹೋದರು. ನಿಜ ಹೊರಗೆ ಬಂದರೆ ಲೈಸೆನ್ಸ್ ಇಲ್ಲದವನು ಓಡಿಸಿದ್ದಕ್ಕೆ ಕಂಪೆನಿ ಕೈ ಎತ್ತುತ್ತದೆ, ಪರಿಹಾರ ನಮ್ಮ ತಲೆಗೆ ಬರುತ್ತದೆ, ತಮ್ಮನ ಮೇಲೆ ಕೇಸು. ನನ್ನ ಬಾಯಿ ಅದಕ್ಕೆ ಮುಚ್ಚಿಕೊಂಡಿತ್ತು. ಬೇರೆ ಕಾರಣ ಹುಡುಕುವುದು ಬೇಡ.

ಕೇಸು ಎಳೆದು ಎಳೆದು ಹೊಸ ಶತಮಾನಕ್ಕೆ ಬಂತು. ಕಂಪೆನಿಯ ವಕೀಲರು ನನ್ನನ್ನು ಸಾಕ್ಷಿಗೆ ಕರೆಸಿದರು. ಕೋರ್ಟಿನ ವರಾಂಡದಲ್ಲಿ ಅವರು ಹೇಳಿದ್ದು ಇಷ್ಟೇ: "ಆಸ್ಪತ್ರೆಯಲ್ಲಿ ಮೊದಲು ಎಂತ ಹೇಳಿದ್ದೀರೋ ಅದನ್ನೇ ಹೇಳಿ ಅಮ್ಮ." ಪೆಟ್ಟಾದ ಕೂಡಲೇ ಬಾಯಿಗೆ ಬಂದದ್ದು ನಿಜ, ಆಮೇಲೆ ಹೇಳಿದ್ದು ಯಾರೋ ಕಲಿಸಿ ಕೊಟ್ಟದ್ದು — ಇಂಥ ಕೇಸುಗಳಲ್ಲಿ ಸಾಮಾನ್ಯವಾಗಿ ಹಾಗೆ ತಿಳಿಯುತ್ತಾರಂತೆ. ನಾನು ಮೊದಲು ಹೇಳಿದ್ದೇ ಸುಳ್ಳಾಗಿತ್ತು. ಸುಳ್ಳಿಗೆ ಮುಂದಿನ ಸಾಲಿನ ಕುರ್ಚಿ ಸಿಕ್ಕಿತ್ತು, ನಿಜ ಹೇಳುತ್ತಿದ್ದವಳು ಹಿಂದೆ ನಿಂತಿದ್ದಳು.

ನಾನು ಕಟಕಟೆಯಲ್ಲಿ ನಿಂತಾಗ ನೀಲವ್ವನ ವಕೀಲರು ಕೇಳಿದರು, "ಅವನು ಮರದಿಂದ ಬಿದ್ದದ್ದನ್ನು ನೀವು ಕಂಡಿದ್ದೀರಾ?" ಕಾಣಲಿಲ್ಲ ಎನ್ನಬಹುದಿತ್ತು. ಒಳಗೆ ಇದ್ದೆ, ಶಬ್ದ ಕೇಳಿ ಬಂದೆ ಎಂದರೂ ಸಾಕಿತ್ತು. ಸುಳ್ಳಿನಲ್ಲಿಯೂ ಸ್ವಲ್ಪ ನಾಚಿಕೆ ಉಳಿಯುತ್ತಿತ್ತು. ಆದರೆ ನನ್ನನ್ನು ಯಾರಾದರೂ ಸಂಶಯದಿಂದ ನೋಡಿದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ.

"ಕಣ್ಣಾರೆ ಕಂಡಿದ್ದೇನೆ," ಎಂದೆ.

ಕ್ಲೇಮು ವಜಾ ಆಯಿತು. ತೀರ್ಪಿನ ಮರುದಿನ ನೀಲವ್ವ ಇನ್ನಂಜೆಗೆ ಬಂದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಾನು ಸೆರಗು ಸಿಕ್ಕಿಸಿಕೊಂಡೇ ಅಂಗಳಕ್ಕೆ ಇಳಿದೆ. ಗೇಟಿನ ಹತ್ತಿರ ಯಮನಪ್ಪ ಕೋಲು ಊರಿಕೊಂಡು ನಿಂತಿದ್ದ. ನೀಲವ್ವ ಕೂಗಲಿಲ್ಲ. ಮೆಲ್ಲಗೆ ಕೇಳಿದಳು:

"ಯಾವ ಗಿಡಾರೀ ಅಕ್ಕಾರ? ಒಮ್ಮೆ ತೋರಸ್ರಿ."

ಅವರ ಕಡೆ ಮರಕ್ಕೂ ಗಿಡ ಎಂದೇ ಹೇಳುವುದು. ನನ್ನ ಕೈ ತಾನಾಗಿ ಎದ್ದು ಬಾವಿಯ ಪಕ್ಕದ ಮರವನ್ನು ತೋರಿಸಿತು. ಅಂಗಳದಲ್ಲಿ ಅಷ್ಟು ಮರ ಇದ್ದವು. ಯಾಕೆ ಅದನ್ನೇ — ಗೊತ್ತಿಲ್ಲ. ಅವಳು ಹೋಗಿ ಮರದ ಮೈಮೇಲೆ ಅಂಗೈ ಇಟ್ಟಳು. ತಲೆ ಎತ್ತಿ ತುದಿಯವರೆಗೆ ನೋಡಿದಳು. "ದೇವರಾಣಿ ಮಾಡಿ ಹೇಳೀರಿ. ಸುಳ್ಳ ಹೇಳಿ ನಿಮಗೇನ ಬರೂದೈತ್ರಿ," ಎಂದಳು. ಆಮೇಲೆ ಗೇಟಿನ ಕಡೆ ತಿರುಗಿದಳು.

"ಯಾರಪ್ಪನ ಗಿಡ ಅಂತ ಹತ್ತಿದ್ದಿ ನೀ? ಒಂದ ಎಳನೀರಿನ ಆಸೆಗೆ ನನ್ನ ಸಂಸಾರ ಸುಟ್ಟ ಬೂದಿ ಮಾಡ್ದೆಲ್ಲೋ!"

ಯಮನಪ್ಪ ತಲೆ ತಗ್ಗಿಸಿದ. ಅಷ್ಟು ದಿನ ಅವನ ಪರ ನಿಂತಿದ್ದ ಒಂದೇ ಒಂದು ಜೀವ ಅವಳು. ಅವಳನ್ನೂ ನಾನು ಅವನಿಂದ ಕಿತ್ತುಕೊಂಡೆ. ಅವರು ಗದ್ದೆ ಬದುವಿನಲ್ಲಿ ಹೋಗುತ್ತಿದ್ದಾಗ ಅವಳ ಬೈಗುಳ ದೂರದವರೆಗೂ ಕೇಳುತ್ತಿತ್ತು. ನನಗೆ ಆಗ ಆದದ್ದು ಎಂತ, ಹೇಳಲಾ? ನಿಶ್ಚಿಂತೆ. ಆ ದಿನ ನಾನು ಮಟ್ಟುಗುಳ್ಳ ಬದನೆಯ ಸಾಂಬಾರು ಮಾಡಿ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಬೇಸರ ಆಮೇಲೆ ಶುರುವಾಯಿತು. ಮರ ಹತ್ತುವವರು ಬಂದಾಗ ಬಾವಿಯ ಪಕ್ಕದ್ದನ್ನು ಬಿಟ್ಟುಬಿಡಿ ಎನ್ನುತ್ತಿದ್ದೆ. ಕಾಯಿ ಒಣಗಿ ತಾನಾಗಿ ದೊಪ್ಪೆಂದು ಬೀಳುತ್ತಿತ್ತು. ಪ್ರತಿ ಸಲವೂ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಹೋಗಿ ನೋಡುತ್ತಿದ್ದೆ. ಆದರೂ ಹೋಗಿ ಹೇಳಬೇಕು ಎಂದು ಅನಿಸಲಿಲ್ಲ — ಸುಳ್ಳು ಬೇಡ — ಅನಿಸಿತು, ಹೋಗಲಿಲ್ಲ.

ಕೆಲವು ವರ್ಷ ಕಳೆದು ಸಂಬಂಧಿಕರೊಬ್ಬರ ಗೃಹಪ್ರವೇಶಕ್ಕೆ ಮಣಿಪಾಲಕ್ಕೆ ಹೋದೆ, ಹೊಸ ಫ್ಲ್ಯಾಟು. ಗೇಟಿನಲ್ಲಿ ನೀಲಿ ಅಂಗಿ ಹಾಕಿದ ವಾಚ್‌ಮನ್ ಸ್ಟೂಲಿನಿಂದ ಕಷ್ಟಪಟ್ಟು ಎದ್ದ. ಯಮನಪ್ಪ. ಕೂದಲು ಬೆಳ್ಳಗಾಗಿತ್ತು. ನಾನು ನೋಡದ ಹಾಗೆ ದಾಟಿ ಹೋಗುವವಳಿದ್ದೆ, ಅವನೇ ಕರೆದ.

"ಅಕ್ಕಾರ, ಒಂದ ಮಾತ ಭಾಳ ದಿನದಿಂದ ಹೊಟ್ಟ್ಯಾಗ ಇಟ್ಕೊಂಡೀನ್ರಿ. ಅವತ್ತ ನಿಮ್ಮನ್ನ ಕೇಳದಽ ಗಿಡ ಹತ್ತಿದೆ. ಕಳವ ಮಾಡಿದಂಗಾತು. ಮತ್ತ ನಿಮ್ಮ ಮ್ಯಾಲಽ ಕೇಸ ಹಾಕಿದ್ವಿ. ದವಾಖಾನಿ ಖರ್ಚ ಕೊಟ್ಟವರು ನೀವು. ತಪ್ಪಾತ್ರಿ."

ಮಡಚದ ಬೆರಳುಗಳ ಕೈಯನ್ನು ಇನ್ನೊಂದು ಕೈಗೆ ಹೇಗೋ ಸೇರಿಸಿ ಮುಗಿದ.

ಆ ಹೊತ್ತಿಗೆ ಭೂಮಿ ಬಾಯಿ ಬಿಡಲಿಲ್ಲ. ನನ್ನ ಬಾಯಿಯೂ ನಿಜಕ್ಕೆ ತೆರೆಯಲಿಲ್ಲ. "ಹೋಗಲಿ ಬಿಡು ಮಾರಾಯ," ಎಂದೆ. "ಒಂದು ಬೊಂಡಕ್ಕೆ ಎಂತ?" ಅವನ ಮುಖ ಎಷ್ಟು ಹಗುರಾಯಿತೆಂದರೆ — ಬೇಡ, ಅದನ್ನು ವರ್ಣಿಸುವ ಯೋಗ್ಯತೆ ನನಗಿಲ್ಲ. ಮೇಲೆ ಹೋಗಿ ಪಾಯಸ ಉಂಡೆ.

ಕಳೆದ ವರ್ಷ ಸುಧಾಕರ ರಜೆಯಲ್ಲಿ ಬಂದ. ಹೊಸ ಜೀಪು ಕೊಂಡಿದ್ದ. ಮಕ್ಕಳನ್ನೂ ನನ್ನನ್ನೂ ಕೂರಿಸಿಕೊಂಡು ಕಾಪು ಕಡಲ ದಂಡೆಗೆ ಹೋದವನು, ರಸ್ತೆ ಮುಗಿದರೂ ನಿಲ್ಲಿಸದೆ ಮರಳಿಗೆ, ನಾವು ಹೊಯಿಗೆ ಎನ್ನುವುದಕ್ಕೆ, ಇಳಿಸಿದ. "ಹೆದರಬೇಡ ಅಕ್ಕ, ಫೋರ್ ವೀಲ್ ಉಂಟಲ್ಲಾ!" ಹೊಯಿಗೆಯ ದಿಬ್ಬದಲ್ಲಿ ಜೀಪು ಸ್ವಲ್ಪ ವಾಲಿತು. ಮಕ್ಕಳು ಕೇಕೆ ಹಾಕಿದರು. ನಾನು, "ನಿಲ್ಲಿಸು, ನಾನು ಇಳಿಯುತ್ತೇನೆ," ಎಂದೆ. ಸುಧಾಕರ ನಿಲ್ಲಿಸಿದ. ನಾನು ಇಳಿದೆ.

ಅಷ್ಟೇ. ಏನೂ ಆಗಲಿಲ್ಲ. ಆದರೆ ಮತ್ತೆ ಜೀಪು ಹತ್ತದೆ ನಾನು ರಸ್ತೆಯವರೆಗೆ ನಡೆದೇ ಬಂದೆ. ಮೊದಲು ಬರೆಯಲಾಗದೆ ಬಿಟ್ಟ ಮಾತನ್ನು ಈಗ ಬರೆಯುತ್ತೇನೆ. ಆ ದಿನ ಗುಡ್ಡೆಯ ಬುಡದಲ್ಲಿ ಯಮನಪ್ಪನೂ ಇದನ್ನೇ ಹೇಳಿದ್ದ. "ಅಕ್ಕಾರ, ನಾ ಇಲ್ಲೇ ಇಳಿತೀನ್ರಿ, ನಡಕೊಂತ ಬರ್ತೀನಿ." ಸೀಟಿನಿಂದ ಅರ್ಧ ಎದ್ದಿದ್ದ. ನಾನು ಹಿಂದೆ ತಿರುಗಿ, ನಕ್ಕು, "ಕೂತ್ಕೊ ಮಾರಾಯ, ಎಂಥ ಹೆದರುಪುಕ್ಕಲ ನೀನು!" ಎಂದೆ. ಅವನು ಕೂತ. ನಾನು ಹೇಳಿದೆನೆಂದು ಕೂತ.

ಮನೆಗೆ ಬಂದು ಸುಧಾಕರನಿಗೆ ಹೇಳಿದೆ, ನಾಳೆ ಮಣಿಪಾಲಕ್ಕೆ ಹೋಗಿ ಎಲ್ಲ ಹೇಳಿ ಬರುತ್ತೇನೆ ಎಂದು. ಅವನು ಹಾರಾಡಿದ. "ಮಂಡೆ ಸಮ ಉಂಟಾ ನಿನಗೆ? ಮುಗಿದು ಹೋದದ್ದನ್ನು ಕೆದಕುವುದು ಎಂತಕ್ಕೆ?" ನಮ್ಮಿಬ್ಬರಿಗೆ ಮುಗಿದಿತ್ತು, ಹೌದು.

ಆ ಫ್ಲ್ಯಾಟಿನ ಕೆಳಗೆ, ನೀರಿನ ಪಂಪಿನ ಪಕ್ಕದ ಒಂದು ಕೋಣೆಯಲ್ಲಿ ಅವರಿಬ್ಬರೂ ಇದ್ದರು. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಕೂತುಕೊಳ್ಳಿ ಎಂದಳು, ನಾನು ಕೂರಲಿಲ್ಲ. ನಿಂತೇ ಹೇಳಿದೆ. ಗುಡ್ಡೆ, ಜೀಪು, ಲೈಸೆನ್ಸು, ಕೌಂಟರು, ಕೋರ್ಟು — ಒಂದನ್ನೂ ಬಿಡಲಿಲ್ಲ. ರೊಟ್ಟಿಯ ಶಬ್ದ ನಿಂತಿತು.

ಯಮನಪ್ಪ ನನ್ನನ್ನು ಬೈಯುತ್ತಾನೆ ಎಂದು ಕಾದೆ. ಅವನು ಕೇಳಿದ್ದೇ ಬೇರೆ.

"ಜೀಪಿನ್ಯಾಗ ನಾ ಎಲ್ಲಿ ಕುಂತಿದ್ನಿರೀ?"

"ಹಿಂದಿನ ಸೀಟಿನಲ್ಲಿ. ಬಲಗಡೆ. ದಾರಿಯುದ್ದಕ್ಕೂ ಯಾವುದೋ ಹಾಡು ಗುನುಗುತ್ತಿದ್ದಿ. ಗುಡ್ಡೆಯ ಬುಡದಲ್ಲಿ ಇಳಿಯುತ್ತೇನೆ ಎಂದಿ. ನಾನು ಬಿಡಲಿಲ್ಲ."

"ಇಳಿತೀನಿ ಅಂದಿದ್ನ?"

"ಅಂದಿದ್ದಿ."

ಅವನು ಹೆಂಡತಿಯ ಕಡೆ ತಿರುಗಿದ. "ಕೇಳಿದೇನ ನೀಲಿ? ನಾ ಗಿಡ ಹತ್ತಿಲ್ಲ." ಮತ್ತೊಮ್ಮೆ ಹೇಳಿದ, ತನಗೇ ಹೇಳಿಕೊಳ್ಳುವ ಹಾಗೆ. "ನಾ ಹತ್ತೇ ಇಲ್ಲ."

ನೀಲವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ನಾನು ಅವಸರ ಅವಸರವಾಗಿ ಹೇಳಿದೆ — ನಿಮ್ಮ ವಕೀಲರ ಹತ್ತಿರ ಹೋಗಿ ಎಲ್ಲ ಬರೆದು ಕೊಡುತ್ತೇನೆ, ಇಷ್ಟು ತಡವಾದ ಮೇಲೆ ಅಪೀಲು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಸುಳ್ಳು ಸಾಕ್ಷಿಗೆ ನನ್ನ ಮೇಲೆ ಕೇಸಾದರೆ ಆಗಲಿ, ಪರಿಹಾರ ಕೋರ್ಟು ಕೊಡದಿದ್ದರೆ ನಾವೇ —

"ಬರದ ಕೊಡ್ರಿ," ಎಂದಳು ಅವಳು. "ಬ್ಯಾಡ ಅಂದವರ್ಯಾರು? ಕೊಡೂದೆಲ್ಲಾ ಕೊಡ್ರಿ. ಆದ್ರ ಇಷ್ಟ ವರ್ಷ ನಾ ಇವಗ ದಿನಾ ಬೈದೇನ್ರಿ. ಉಣ್ಣಾಕ ಕುಂತ್ರ ಬೈದೇನಿ, ಮಕ್ಕೊಂಡ್ರ ಬೈದೇನಿ. ಗಿಡದ ಕಳ್ಳ ಅಂತ ಮಂದಿ ಮುಂದ ಬೈದೇನಿ. ಒಂದ ದಿನ ಎದುರ ಮಾತಾಡಿಲ್ಲ ಇಂವ. ಅದನ್ನ ಯಾರ ವಾಪಸ್ ತಗೋಬೇಕ್ರಿ? ನೀವ ತಗೋತೀರೇನು?"

ಕ್ಷಮಿಸಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಯಮನಪ್ಪ ಕೊಟ್ಟೇ ಬಿಡುತ್ತಿದ್ದ, ಅದು ನನಗೆ ಗೊತ್ತಿತ್ತು. ನಾನು ಹೊರಗೆ ಬಂದೆ. ಹಿಂದಿನಿಂದ ನೀಲವ್ವ ಅಳುವುದು ಕೇಳಿಸಿತು. ಅವನು ಅವಳನ್ನು ಸಮಾಧಾನ ಮಾಡುತ್ತಿದ್ದ.

ವಕೀಲರಿಗೆ ಬರೆದು ಕೊಟ್ಟಾಯಿತು. ಮುಂದೆ ಏನಾಗುತ್ತದೋ ಆಗಲಿ. ಬಾವಿಯ ಪಕ್ಕದ ಮರ ಹಾಗೆಯೇ ಉಂಟು, ಅದರದ್ದು ಏನೂ ತಪ್ಪಿಲ್ಲ. ಯಾರಾದರೂ ಕೇಳಿದರೆ ಈಗ ನಾನೇ ಹೇಳುತ್ತೇನೆ: ಈ ಮರವನ್ನು ಯಮನಪ್ಪ ಹತ್ತಿರಲಿಲ್ಲ.